ಹಳೆ ಇಟ್ಟಿಗೆ ಚಿಮಣಿ: ದುರಸ್ತಿ ಸಾಕೋ, ಕೆಡವಿ ಕಟ್ಟಬೇಕೋ?

ಅಣ್ಣಿಗೇರಿಯಲ್ಲಿ ನಿಮ್ಮ ಅಜ್ಜನ ಕಾಲದ ಬೇಕರಿ, ಕಟ್ಟಿಗೆ ಭಟ್ಟಿ. ಚಿಮಣಿ ವಾಲಿದೆ, ಸಂದುಗಳಿಂದ ಗಚ್ಚು ಉದುರುತ್ತಿದೆ. ಒಬ್ಬ ಗೌಂಡಿ ಪೂರ್ತಿ ಕೆಡವಿ ಅಂದರು, ಇನ್ನೊಬ್ಬರು ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಸಾಕು ಅಂದರು. ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ.

ಹುಬ್ಬಳ್ಳಿ-ಧಾರವಾಡದ ಸುತ್ತ ಹಳೆ ಕಟ್ಟಡಗಳ ದುರಸ್ತಿ ನನ್ನ ಕೆಲಸ. ಇಬ್ಬರಿಗೂ ಈಗಲೇ ಹೂಂ ಅನ್ನಬೇಡಿ. ಚಿಮಣಿ ಎಷ್ಟು ವಾಲಿದೆ ಅನ್ನೋದಕ್ಕಿಂತ ಎಲ್ಲಿಂದ ವಾಲಿದೆ ಅನ್ನೋದನ್ನು ಮೊದಲು ನೋಡಬೇಕು.

ಮೇಲಿನಿಂದ ತೂಗುಗುಂಡು ಇಳಿಬಿಡಿ. ಅಕ್ಕಪಕ್ಕದ ಎರಡು ಮುಖಗಳಿಗೂ ಹೀಗೇ ಮಾಡಿ. ಪ್ರತಿ ಮೂರು ಅಡಿಗೆ ದಾರಕ್ಕೂ ಇಟ್ಟಿಗೆಗೂ ನಡುವೆ ಎಷ್ಟು ಅಂತರ ಇದೆ ಅಂತ ಬರೆದುಕೊಳ್ಳಿ. ಬುಡದಿಂದ ತುದಿಯವರೆಗೆ ಚಿಮಣಿ ಒಂದೇ ನೇರಕ್ಕೆ ವಾಲಿದ್ದರೆ ತೊಂದರೆ ಪಾಯದಲ್ಲಿದೆ. ನಿಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಚಿಮಣಿಯ ಒಂದೇ ಬದಿಗೆ ಮೋರಿ ನೀರೋ ಮಾಳಿಗೆ ನೀರೋ ಇಂಗುತ್ತಿದ್ದರೆ ಆ ಬದಿ ಮಣ್ಣು ಬೇರೆ ಥರ ಆಡುತ್ತದೆ. ಆ ನೀರನ್ನು ಬೇರೆ ಕಡೆ ತಿರುಗಿಸದೆ, ಪಾಯ ಸರಿಮಾಡದೆ ಹೊಸ ಚಿಮಣಿ ಕಟ್ಟಿದರೆ ಅದೂ ವಾಲುತ್ತದೆ. ಇಂಥ ಕಡೆ ಎಂಜಿನಿಯರ್ ಒಬ್ಬರು ಪಾಯ ಅಗೆಸಿ ನೋಡಲೇಬೇಕು.

ಮಾಳಿಗೆವರೆಗೆ ನೆಟ್ಟಗಿದ್ದು ಅದರ ಮೇಲೆ ಬಾಗಿದ್ದರೆ ಕಾರಣ ಗಚ್ಚು. ಸಾಮಾನ್ಯವಾಗಿ ಮಳೆ ಹೊಡೆಯುವ ಮುಖ ಮೊದಲು ಹಾಳಾಗುತ್ತದೆ. ನಮ್ಮ ಕಡೆ ಅದು ಹೆಚ್ಚಾಗಿ ಪಡುವಣ ಮುಖ. ಹಿಂದೆ ಕಲ್ಲಿದ್ದಲು ಉರಿಸುತ್ತಿದ್ದರಾ ಅಂತ ಮನೆಯ ಹಿರಿಯರನ್ನು ಕೇಳಿ. ಕಲ್ಲಿದ್ದಲ ಹೊಗೆಯಲ್ಲಿ ಗಂಧಕ ಇರುತ್ತದೆ. ಒದ್ದೆ ಇದ್ದಾಗ ಅದು ಸಂದಿನ ಗಾರೆಯನ್ನು, ಅದರಲ್ಲೂ ಸಿಮೆಂಟ್ ಇರುವ ಗಾರೆಯನ್ನು ಉಬ್ಬಿಸುತ್ತದೆ. ಒದ್ದೆ ಬದಿ ಬೆಳೆದು ಚಿಮಣಿ ಒಣ ಬದಿಗೆ ಬಾಗುತ್ತದೆ. ಬರೀ ಕಟ್ಟಿಗೆ ಉರಿಸಿದ್ದರೆ ಇದು ಕಡಿಮೆ. ಇಂಥ ಬಾಗು ಇದ್ದರೆ ಮಾಳಿಗೆಯ ಮೇಲಿನ ಭಾಗ ಬಿಚ್ಚಿ ಕಟ್ಟಿದರೆ ಸಾಕು, ಕೆಳಗಿನದನ್ನು ಮುಟ್ಟಬೇಕಾಗಿಲ್ಲ.

ವಾಲಿದ್ದಕ್ಕೆ ಒಂದು ಅಂದಾಜು ಲೆಕ್ಕ ಇದೆ. ಒಂದು ಮೀಟರ್ ಎತ್ತರಕ್ಕೆ 10 ಮಿ.ಮೀ.ಗಿಂತ ಜಾಸ್ತಿ ವಾಲಿದ್ದರೆ ಅಪಾಯ ಅಂತಲೇ ತಿಳಿಯಿರಿ.

ಬರೀ ಗಚ್ಚು ಉದುರಿದೆ, ಗೋಡೆ ನೆಟ್ಟಗಿದೆ ಅಂದರೆ ಕೆಡವುವ ಮಾತೇ ಬೇಡ. ಸುಣ್ಣದ ಗಚ್ಚು ಮೊಳೆಗೆ ಕೆರೆಯುತ್ತದೆ, ಅದು ಅದರ ಗುಣ. ಬೆರಳಿಗೇ ಪುಡಿಯಾದರೆ ಮಾತ್ರ ಹೋಗಿದೆ ಅಂತ. ಇಟ್ಟಿಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಒಳಗೆ ಬಿರುಕಿದೆ. ಹೆಚ್ಚಿನವು ಗಟ್ಟಿ ಇದ್ದರೆ ಸಂದನ್ನು ಒಂದು ಇಂಚಿನಷ್ಟು ಕೆದಕಿ, ನೀರು ಚಿಮುಕಿಸಿ, ಸುಣ್ಣ-ಉಸುಕಿನಿಂದ ತುಂಬಿಸಿ. ಸಂದಿನಲ್ಲಿ ಅರಳಿ ಗಿಡ ಇದ್ದರೆ ಬೇರು ಸಮೇತ ತೆಗೆಸಿ. ಸುಮ್ನೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಸಿಮೆಂಟ್ ಪ್ಲಾಸ್ಟರ್ ಮಾತ್ರ ದಯವಿಟ್ಟು ಬೇಡ. ಆ ಕಾಲದ ಇಟ್ಟಿಗೆ ಮೆತ್ತಗೆ, ಒಳಗಿನ ತೇವ ಸಂದಿನಿಂದ ಹೊರಗೆ ಹೋಗಬೇಕು. ಸಿಮೆಂಟ್ ಅದನ್ನು ತಡೆಯುತ್ತದೆ. ಆಮೇಲೆ ಇಟ್ಟಿಗೆಯ ಮುಖವೇ ಹಕ್ಕಳೆಯಾಗಿ ಏಳುತ್ತದೆ. ಗದಗ, ಹುಬ್ಬಳ್ಳಿ ಕಡೆ ಎಷ್ಟೋ ಹಳೆ ಗೋಡೆಗಳು ಹೀಗೆ ಹಾಳಾಗಿರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅವು ಇನ್ನೂ ಬಹಳ ವರ್ಷ ನಿಲ್ಲುತ್ತಿದ್ದವು.

ಈಗ ಒಳಗಡೆ. ಭಟ್ಟಿ ಆರಿದ ಮೇಲೆ ಬ್ಯಾಟರಿ ಬೆಳಕು ಬಿಟ್ಟು ಕೆಳಗಿನಿಂದ ನೋಡಿ. ಬೂದಿಯಲ್ಲಿ ಮತ್ತೆ ಮತ್ತೆ ಇಟ್ಟಿಗೆ ಚೂರು ಸಿಗುತ್ತಿದ್ದರೆ ಒಳಪದರ ಸುಟ್ಟು ಕಳಚುತ್ತಿದೆ. ಹೊರಗಿನಿಂದ ಎಷ್ಟೇ ಚಂದ ಕಂಡರೂ ಅಂಥ ಭಾಗವನ್ನು ಬಿಚ್ಚಿಯೇ ಕಟ್ಟಬೇಕು. ಟಣ್ ಅನ್ನುವ ಹಳೆ ಇಟ್ಟಿಗೆಯನ್ನು ಮತ್ತೆ ಬಳಸಬಹುದು. ಆದರೆ ಹೊಗೆಯ ಜಿಡ್ಡು ಹತ್ತಿದ ಮುಖ ಹೊರಗೆ ಬರಬಾರದು, ಕಂದು ಕಲೆ ಹೋಗುವುದೇ ಇಲ್ಲ.

ಕೆಲಸ ದಸರಾ ಆದಮೇಲೆ ಹಿಡಿಯಿರಿ. ಬೇಸಿಗೆ ಬಿಸಿಲಿಗೆ ಸುಣ್ಣ ಬೇಗ ಒಣಗಿ ಪುಡಿಯಾಗುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ನಿಧಾನಕ್ಕೆ ಹದವಾಗಲು ಬಿಡಬೇಕು. ಭಟ್ಟಿಯನ್ನೂ ಮೊದಮೊದಲು ಸಣ್ಣ ಉರಿಯಲ್ಲೇ ಹಚ್ಚಿ.

ಇಷ್ಟಕ್ಕೂ ಮೊದಲು ಒಂದು ಪರೀಕ್ಷೆ ಇವತ್ತೇ ಮಾಡಿ. ಭಟ್ಟಿಯಲ್ಲಿ ಒಂದಿಷ್ಟು ಒದ್ದೆ ಹುಲ್ಲು ಹಚ್ಚಿ, ಅಟ್ಟದಲ್ಲಿ ಚಿಮಣಿ ಹಾದುಹೋಗುವ ಕಡೆ ನಿಂತು ನೋಡಿ. ಬಿರುಕಿನಿಂದ ಹೊಗೆ ಬಂದರೆ ದುರಸ್ತಿ ಆಗುವವರೆಗೆ ಭಟ್ಟಿ ನಿಲ್ಲಿಸಿ. ಹೊಗೆಯ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕೆಲಸದ ಹುಡುಗರು ಆ ಅಟ್ಟದಲ್ಲಿ ಮಲಗುತ್ತಿದ್ದರೆ ಇವತ್ತು ರಾತ್ರಿಯಿಂದಲೇ ಅವರಿಗೆ ಬೇರೆ ಜಾಗ ಮಾಡಿಕೊಡಿ.