ಯಾಜಕಕಾಂಡದಲ್ಲಿ ನಿಂತುಹೋಗುವ ಓದು

ಕಾಪು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: "ಒಂದು ವರ್ಷದಲ್ಲಿ ಸತ್ಯವೇದ (ಬೈಬಲ್) ಓದಿ ಮುಗಿಸುವ ಪಟ್ಟಿ ಹಿಡಿದು ಪ್ರತಿ ಜನವರಿಯಲ್ಲೂ ಶುರು ಮಾಡುತ್ತೇನೆ. ಫೆಬ್ರವರಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಅಡುಗೆ, ಮಕ್ಕಳ ಬುತ್ತಿ, ಆಮೇಲೆ ಮಂಗಳೂರಿನ ಬಸ್ಸು. ಬಸ್ಸಿನಲ್ಲಿ ಮೊಬೈಲಿನಲ್ಲಿ ಓದಿದರೆ ಅದು ಓದಲ್ಲ ಎನ್ನುತ್ತಾರೆ ಮಾವ. ಪ್ರಾರ್ಥನೆಗೆ ಕೂತರೆ ಎರಡು ನಿಮಿಷದಲ್ಲಿ ಮಾತು ಖಾಲಿ. ನನ್ನ ವಿಶ್ವಾಸವೇ ಕಡಿಮೆಯಾಗಿದೆಯಾ?"

ಪ್ರಿಯ ಸಹೋದರಿಯೇ,

ಕಡಿಮೆಯಾಗಿಲ್ಲ. ನಿಮ್ಮ ಪಟ್ಟಿ ಜಾಸ್ತಿಯಾಗಿದೆ.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ದಾಟುವಾಗ ಜನವರಿ ಮುಗಿಯುತ್ತಾ ಬಂದಿರುತ್ತದೆ. ಮುಂದೆ ಯಾಜಕಕಾಂಡ. ಹೋಮಬಲಿ, ಕುಷ್ಠದ ಪರೀಕ್ಷೆ, ಗೋಡೆಗೆ ಹಿಡಿದ ಬೂಷ್ಟು. ನೀವು ಎಲ್ಲಿ ನಿಂತಿರಿ ಎಂದು ಪತ್ರದಲ್ಲಿ ಬರೆದಿಲ್ಲ. ಆದರೂ ಗೊತ್ತಾಯಿತು! ಯಾಜಕಕಾಂಡ ಬೇಡದ ಪುಸ್ತಕ ಎಂದು ನಾನು ಹೇಳುತ್ತಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಬರುವುದೂ ಅದರ 19ನೇ ಅಧ್ಯಾಯದಲ್ಲಿಯೇ. ಆದರೆ ಬೆಳಗಿನ ಗಡಿಬಿಡಿಯಲ್ಲಿ ಒಬ್ಬರೇ ಓದಿ ಅರ್ಥ ಮಾಡಿಕೊಳ್ಳುವ ಪುಸ್ತಕ ಅದಲ್ಲ.

ಪಟ್ಟಿಯ ದೊಡ್ಡ ತೊಂದರೆ ಬೇರೆಯೇ ಇದೆ. ಒಂದು ದಿನ ತಪ್ಪಿದರೆ ಮರುದಿನ ಆರು ಅಧ್ಯಾಯ, ಎರಡು ದಿನ ತಪ್ಪಿದರೆ ಒಂಬತ್ತು. ಸೊಸೈಟಿ ಸಾಲದ ಕಂತಿನ ಹಾಗೆ ಬಾಕಿ ಏರುತ್ತದೆ. ಕೊನೆಗೆ ಪುಸ್ತಕ ಮುಟ್ಟಲಿಕ್ಕೇ ಮುಜುಗರ. ಆದ್ದರಿಂದ ನನ್ನ ಮೊದಲ ಸಲಹೆ: ತಪ್ಪಿದ್ದನ್ನು ತುಂಬಿಸಲು ಹೋಗಬೇಡಿ. ನಿನ್ನೆಯದು ನಿನ್ನೆಗೆ. ಇವತ್ತಿನದನ್ನು ಓದಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಭ್ಯಾಸ ಹೇಗೆ ಕೂಡಿಬರುತ್ತದೆ ಎಂದು 96 ಮಂದಿಯನ್ನು ಗಮನಿಸಿ, 2010ರಲ್ಲಿ ಪ್ರಕಟಿಸಿದರು. ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನವಾದರೆ, ಕೆಲವರಿಗೆ 254ರವರೆಗೂ ಬೇಕು ಎಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಅವರೆಲ್ಲ ಹೊಸ ಕೆಲಸವನ್ನು ದಿನವೂ ನಡೆಯುವ ಯಾವುದಾದರೊಂದು ಕೆಲಸಕ್ಕೆ ಅಂಟಿಸಿಕೊಂಡಿದ್ದರು, ತಿಂಡಿಯಾದ ಮೇಲೆ ಎಂಬ ಹಾಗೆ. ನಿಮ್ಮ ದಿನದಲ್ಲಿ ತಪ್ಪದೆ ನಡೆಯುವುದು ಯಾವುದು? ಬಸ್ಸು. ಸೀಟು ಸಿಕ್ಕಿದ ದಿನ ಪಡುಬಿದ್ರಿ ದಾಟಿ ಮೂಲ್ಕಿ ಬರುವಷ್ಟರಲ್ಲಿ ಒಂದು ಅಧ್ಯಾಯ ಆರಾಮವಾಗಿ ಆಗುತ್ತದೆ. ನಿಂತು ಹೋಗುವ ದಿನ ನಿನ್ನೆ ಓದಿದ್ದನ್ನೇ ನೆನಪು ಮಾಡಿಕೊಳ್ಳಿ, ಸಾಕು.

ಮಾವನವರಿಗೆ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ತೋರಿಸಿ. ಐಥಿಯೋಪ್ಯದ ಅಧಿಕಾರಿಯೊಬ್ಬ ಯೆರೂಸಲೇಮಿನಿಂದ ಊರಿಗೆ ಮರಳುತ್ತಾ, ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ. ಪ್ರಯಾಣದಲ್ಲಿ ಓದಿದ್ದು ಓದಲ್ಲ ಎಂದು ದಾರಿಯಲ್ಲಿ ಅವನನ್ನು ಕಂಡ ಸುವಾರ್ತಿಕ ಫಿಲಿಪ್ಪ ಹೇಳಲಿಲ್ಲ. ಓದಿದ್ದು ಅರ್ಥವಾಯಿತಾ ಎಂದು ಕೇಳಿದ. ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾದೀತು ಎಂದು ಅವನು ಉತ್ತರಿಸಿದ. ನೀವೂ ವಾರಕ್ಕೊಮ್ಮೆ ಮಾವನವರನ್ನೇ ಒಂದು ಪ್ರಶ್ನೆ ಕೇಳಿ ನೋಡಿ. ದೂರುವವರನ್ನು ಗುರುವಾಗಿ ಮಾಡಿಕೊಂಡರೆ ದೂರು ಅರ್ಧ ಕಡಿಮೆಯಾಗುತ್ತದೆ. ಆದರೂ ಮೊಬೈಲಿನ ವಿಷಯದಲ್ಲಿ ಅವರ ಮಾತಿನಲ್ಲಿ ಒಂದು ಸತ್ಯ ಇದೆ. ವಾಟ್ಸಾಪ್ ಟಣ್ ಎಂದರೆ ಮಾರ್ಕನೂ ಹೋದ, ಲೂಕನೂ ಹೋದ. ಆ ಹೊತ್ತಿಗೆ ಡೇಟಾ ಆಫ್ ಮಾಡಿ.

ಇನ್ನು ಪ್ರಾರ್ಥನೆ. ಬೆಳಿಗ್ಗೆ ನಾಲ್ಕಕ್ಕೆ ಏಳದಿದ್ದರೆ ಪ್ರಾರ್ಥನೆಯೇ ಅಲ್ಲ ಎನ್ನುವವರು ನಮ್ಮಲ್ಲಿ ಇದ್ದಾರೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಹೋಗಿ ಪ್ರಾರ್ಥಿಸಿದ್ದು ನಿಜ. ಅದು ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿದೆ. ಆದರೆ 6ನೇ ಅಧ್ಯಾಯದಲ್ಲಿ ಜನರನ್ನು ಕಳುಹಿಸಿದ ಮೇಲೆ, ಸಂಜೆಯ ಹೊತ್ತಿಗೆ ಬೆಟ್ಟ ಹತ್ತುತ್ತಾನೆ. ದಾನಿಯೇಲನದು ದಿನಕ್ಕೆ ಮೂರು ಸಲ. ನಿಮಗೆ ರಾತ್ರಿ ಪಾತ್ರೆ ತೊಳೆದ ಮೇಲಿನ ಹೊತ್ತು ಸರಿ ಎನಿಸಿದರೆ ಅದೇ ಸರಿ.

ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ ಎಂದಿದ್ದೀರಿ. ಕೇಳುತ್ತೇನೆ, ನೀವು ಮನೆಯಲ್ಲಿ ಮಾತಾಡುವುದು ಯಾವ ಭಾಷೆ? ತುಳುವಾದರೆ ತುಳುವಿನಲ್ಲೇ ಪ್ರಾರ್ಥಿಸಿ. ನಮ್ಮಲ್ಲಿ ಅನೇಕರು ಇಡೀ ದಿನ ತುಳುವಿನಲ್ಲಿ ನಗುತ್ತಾರೆ, ಬೈಯುತ್ತಾರೆ, ಅಳುತ್ತಾರೆ. ದೇವರ ಮುಂದೆ ಮಾತ್ರ ಪುಸ್ತಕದ ಕನ್ನಡ ಹುಡುಕುತ್ತಾರೆ. ಮಾತು ಖಾಲಿಯಾಗದೆ ಏನು ಮಾಡೀತು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರೇ 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ತಂದರು. ನಾವ್ಯಾಕೆ ಹಿಂಜರಿಯಬೇಕು?

ಆದರೂ ಮಾತು ಬರದ ದಿನ ಕೀರ್ತನೆ 13 ತೆಗೆಯಿರಿ. ಆರೇ ವಚನ. ದೇವರೇ ಇನ್ನೂ ಎಷ್ಟು ಕಾಲ ಎಂದು ನೇರವಾಗಿ ಜಗಳಕ್ಕೇ ನಿಲ್ಲುತ್ತದೆ. ಅದನ್ನು ಗಟ್ಟಿಯಾಗಿ ಓದಿ ಆಮೆನ್ ಎಂದರೆ ಅದೂ ಪ್ರಾರ್ಥನೆಯೇ.

ಮುಂದಿನ ಸೋಮವಾರ ಆದಿಕಾಂಡ ಬಿಟ್ಟು ಮಾರ್ಕನಿಂದ ಶುರು ಮಾಡಿ. 16 ಅಧ್ಯಾಯ. ದಿನಕ್ಕೊಂದು, ಶನಿವಾರ ಭಾನುವಾರ ರಜೆ. ಇದೇ ನಡೆಯಲ್ಲಿ ಹೋದರೆ ಹೊಸ ಒಡಂಬಡಿಕೆಯ 260 ಅಧ್ಯಾಯ ಸರಿಯಾಗಿ 52 ವಾರಕ್ಕೆ ಮುಗಿಯುತ್ತದೆ. ಆದರೆ ಅದನ್ನು ಈಗಲೇ ಗೋಡೆಗೆ ಅಂಟಿಸಬೇಡಿ. ಮಾರ್ಕನ ಕೊನೆಯ ಅಧ್ಯಾಯದಲ್ಲಿ 8ನೇ ವಚನದ ಮುಂದಿನ ಭಾಗ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲ. ಅಲ್ಲಿಗೆ ತಲುಪಿದಾಗ ಯಾಕೆ ಎಂದು ನಿಮಗೆ ಪ್ರಶ್ನೆ ಬರುತ್ತದೆ. ಬಂದರೆ ಬರೆಯಿರಿ, ಅದಕ್ಕೆ ಬೇರೆ ಉತ್ತರವೇ ಬೇಕು.

- ಸಂಪಾದಕ