ಸೆನ್ಸರ್ ಮೌನವಾದದ್ದು ಎಷ್ಟು ಹೊತ್ತಿಗೆ? ವೈರ್‌ಶಾರ್ಕ್‌ನ ಟೈಮ್ ಕಾಲಂ ಕುರಿತು

ಶಹಾಪುರದ ಹತ್ತಿ ಹೊಲದಲ್ಲಿರುವ ತೇವಾಂಶ ಸೆನ್ಸರ್ ರಾತ್ರಿ ಹೊತ್ತು ಸಂಪರ್ಕ ಕಳೆದುಕೊಳ್ಳುತ್ತಿದೆ, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹಿಡಿದ ಕ್ಯಾಪ್ಚರ್ (ನೆಟ್‌ವರ್ಕ್‌ನಲ್ಲಿ ಓಡಾಡಿದ ಪ್ಯಾಕೆಟ್‌ಗಳ, ಅಂದರೆ ದತ್ತಾಂಶದ ತುಣುಕುಗಳ ದಾಖಲೆ) ತೆರೆದರೆ ಸಮಯದ ಜಾಗದಲ್ಲಿ 5123.418223 ಎಂಬಂಥ ಅಂಕಿ ಬರುತ್ತಿದೆ, ಕರೆಂಟ್ ಹೋದ ಹೊತ್ತಿಗೆ ಅದನ್ನು ತಾಳೆ ಹಾಕುವುದು ಹೇಗೆ ಎಂದು ಕೇಳಿದ್ದೀರಿ.

ಅದು ಕ್ಯಾಪ್ಚರ್ ಶುರುವಾದಾಗಿನಿಂದ ಕಳೆದ ಸೆಕೆಂಡುಗಳು. ಕ್ಯಾಪ್ಚರ್ ತೆರೆದು ಓದುವ ತಂತ್ರಾಂಶವಾದ ವೈರ್‌ಶಾರ್ಕ್ ತಾನಾಗಿ ತೋರಿಸುವುದು ಹಾಗೆಯೇ. ಫೈಲಿನೊಳಗೆ ಪೂರ್ಣ ದಿನಾಂಕ, ಸಮಯ ಎರಡೂ ಇವೆ. ಮತ್ತೆ ಕ್ಯಾಪ್ಚರ್ ಮಾಡಬೇಕಾಗಿಲ್ಲ. ವ್ಯೂ ಮೆನುವಿನ ‘ಟೈಮ್ ಡಿಸ್‌ಪ್ಲೇ ಫಾರ್ಮ್ಯಾಟ್’ನಲ್ಲಿ ‘ಡೇಟ್ ಆ್ಯಂಡ್ ಟೈಮ್ ಆಫ್ ಡೇ’ ಆರಿಸಿದರೆ ನಮ್ಮ ಸಮಯವೇ ಕಾಣುತ್ತದೆ. ಅಲ್ಲಿಯೇ ನಿಖರತೆಯನ್ನು ಮಿಲಿಸೆಕೆಂಡಿಗೆ ಇಳಿಸಿಬಿಡಿ, ಸೆನ್ಸರಿಗೆ ಅಷ್ಟು ಸಾಕು. ಸೆನ್ಸರ್‌ಗಳ ಸಂದೇಶ ಪಡೆದು ಹಂಚುವ ಮಸ್ಕೀಟೊ ಬ್ರೋಕರ್‌ನ ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) ಮಾತ್ರ ಸಾಮಾನ್ಯವಾಗಿ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು ಇರುತ್ತವೆ. ಲಾಗ್ ಜೊತೆ ಹೋಲಿಸುವಾಗ ಅದೇ ಮೆನುವಿನಲ್ಲಿ 1970ರ ಆಯ್ಕೆಗೆ ಬದಲಿಸಿಕೊಳ್ಳಿ. ಅಂಕಿಗೆ ಅಂಕಿ ಕೂಡುತ್ತದೆ.

ಆದರೆ ನಿಮ್ಮ ತೊಂದರೆ ಬಯಲಾಗುವುದು ಎರಡು ಪ್ಯಾಕೆಟ್‌ಗಳ ನಡುವಿನ ಅಂತರದ ಕಾಲಂನಲ್ಲಿ. ಒಂದು ಪ್ಯಾಕೆಟ್ ಒತ್ತಿ, ಕೆಳಗಿನ ವಿವರದಲ್ಲಿ ಟಿಸಿಪಿ (ಸಂಪರ್ಕ ನಡೆಸುವ ನಿಯಮಾವಳಿ) ಎಂಬ ಸಾಲನ್ನು ಬಿಡಿಸಿ, ‘ಟೈಮ್‌ಸ್ಟ್ಯಾಂಪ್ಸ್’ ಅಡಿಯಲ್ಲಿ ಅದೇ ಸ್ಟ್ರೀಮಿನ (ಅಂದರೆ ಅದೇ ಸಂಪರ್ಕದ) ಹಿಂದಿನ ಫ್ರೇಮಿನಿಂದ (ಪ್ಯಾಕೆಟ್ಟಿನಿಂದ) ಕಳೆದ ಸಮಯ ಎಂಬ ಸಾಲನ್ನು ಹುಡುಕಿ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಅಪ್ಲೈ ಆ್ಯಸ್ ಕಾಲಂ’ ಕೊಡಿ. ನಾಲ್ಕಾರು ಸೆನ್ಸರ್‌ಗಳ ಪ್ಯಾಕೆಟ್‌ಗಳು ಕಲಸಿಕೊಂಡಿದ್ದರೂ ಪ್ರತಿಯೊಂದರ ಅಂತರ ಪ್ರತ್ಯೇಕವಾಗಿ ಸಿಗುತ್ತದೆ. ಸೆನ್ಸರ್ ಬ್ರೋಕರ್ ಜೊತೆ ಮಾತಾಡುವ ಎಂಕ್ಯೂಟಿಟಿ ನಿಯಮಾವಳಿಯಲ್ಲಿ ಕೀಪ್ ಅಲೈವ್ (ಸೆನ್ಸರ್ ಸುಮ್ಮನಿರಬಹುದೆಂದು ಒಪ್ಪಿದ ಅವಧಿ) 60 ಸೆಕೆಂಡ್ ಇದ್ದರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಸದ್ದಿಲ್ಲದಿದ್ದಾಗ ಬ್ರೋಕರ್ ಸಂಪರ್ಕ ಕಡಿಯುತ್ತದೆ. ಆ ಕಾಲಂನಲ್ಲಿ 90ರ ಆಸುಪಾಸಿನ ಅಂಕಿಯೂ ಅದರೆದುರು ಬ್ರೋಕರ್ ಕಡೆಯಿಂದ ಮುಚ್ಚುವ ಪ್ಯಾಕೆಟ್ಟೂ ಕಂಡರೆ, ಮೊದಲು ಸುಮ್ಮನಾದದ್ದು ಸೆನ್ಸರ್ ಅಥವಾ ಅದರ ವೈಫೈ.

ಇನ್ನೊಂದು ಮಾತು ಬಹಳ ಮುಖ್ಯ. ಟೈಮ್‌ಸ್ಟ್ಯಾಂಪ್ ಹಾಕುವುದು ಕ್ಯಾಪ್ಚರ್ ಮಾಡುವ ಯಂತ್ರ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಕರೆಂಟ್ ಮರಳಿದಾಗ ಅದು ಕೊನೆಗೆ ಉಳಿಸಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ, ಇಂಟರ್‌ನೆಟ್ ಸಿಕ್ಕ ಕೂಡಲೇ ಸರಿಯಾದ ಸಮಯಕ್ಕೆ ಜಿಗಿಯುತ್ತದೆ. ಆ ಜಿಗಿತ ಅಂತರದ ಕಾಲಂನಲ್ಲಿ ಗಂಟೆಗಟ್ಟಲೆ ಮೌನದಂತೆ ಕಾಣುತ್ತದೆ, ಸೆನ್ಸರಿನ ತಪ್ಪು ಅಲ್ಲಿರುವುದಿಲ್ಲ. ಇದನ್ನು ಅಳೆಯಲು ಫಿಲ್ಟರ್ ಪಟ್ಟಿಯಲ್ಲಿ, ಇಂಟರ್‌ನೆಟ್‌ನಿಂದ ಸಮಯ ತರುವ ಎನ್‌ಟಿಪಿಯ ಹೆಸರನ್ನು ಇಂಗ್ಲಿಷಿನಲ್ಲಿ ntp ಎಂದು ಟೈಪ್ ಮಾಡಿ. ಸರ್ವರ್‌ನ ಮೊದಲ ಉತ್ತರದೊಳಗೆ ‘ಟ್ರಾನ್ಸ್‌ಮಿಟ್ ಟೈಮ್‌ಸ್ಟ್ಯಾಂಪ್’ ಇದೆ, ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯದಲ್ಲಿ). ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿ, ಅದೇ ಪ್ಯಾಕೆಟ್ಟಿನ ಟೈಮ್ ಕಾಲಂ ಜೊತೆ ಹೋಲಿಸಿ. ವ್ಯತ್ಯಾಸ ಎಷ್ಟೋ, ಪೈ ಆಗ ಅಷ್ಟು ಹಿಂದಿತ್ತು. ಜಿಗಿತಕ್ಕಿಂತ ಮೊದಲಿನ ಪ್ಯಾಕೆಟ್‌ಗಳಿಗೆಲ್ಲ ಅದನ್ನು ಸೇರಿಸಿಯೇ ಓದಬೇಕು.

ಕಾಯಂ ಪರಿಹಾರ ಬೇಕಾದರೆ ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಪೈಗೆ ಜೋಡಿಸಿ. ಅದು ಕೈಗೆ ಬರುವ ತನಕ, ಸಮಯ ಹೊಂದಿಕೊಂಡ ಮೇಲೆಯೇ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಶುರುವಾಗುವಂತೆ ಸರ್ವಿಸ್ ಬರೆದಿಡಿ.