ಪ್ರತಿಕ್ರಿಯೆ: ಜೆನ್ನಿ ರಿವೇರಾ ಅವರನ್ನು ಎಲ್ಲಿಂದ ಕೇಳಲು ಶುರುಮಾಡಬೇಕು?

ಮೆಕ್ಸಿಕನ್ ಮೂಲದ ಅಮೆರಿಕನ್ ಗಾಯಕಿ ಜೆನ್ನಿ ರಿವೇರಾ ಬಾಂದಾ (ಊದುವಾದ್ಯಗಳೇ ಮುಖ್ಯವಾದ ಮೆಕ್ಸಿಕನ್ ಸಂಗೀತ) ಹಾಡುವವರೋ, ಮರಿಯಾಚಿ (ಪಿಟೀಲು, ಗಿಟಾರ್, ಟ್ರಂಪೆಟ್‌ಗಳ ಮೆಕ್ಸಿಕನ್ ಸಂಗೀತ) ಹಾಡುವವರೋ, ಯಾವ ಆಲ್ಬಂ ಮೊದಲು ಎಂದು ಕೇಳಿದ್ದೀರಿ. ಎರಡನ್ನೂ ಹಾಡಿದ್ದಾರೆ, ಹೆಸರು ನಿಂತಿರುವುದು ಬಾಂದಾದ ಮೇಲೆ.

ಮೊದಲು 2011ರ ‘ಹೋಯಾಸ್ ಪ್ರೆಸ್ತಾದಾಸ್’ ಹಾಕಿ. ಅವೇ ಹಾಡುಗಳು ಪಾಪ್‌ನಲ್ಲಿ ಒಂದು ಆಲ್ಬಂ, ಬಾಂದಾದಲ್ಲಿ ಇನ್ನೊಂದು. ಒಂದೇ ಹಾಡನ್ನು ಎರಡರಲ್ಲೂ ಬೆನ್ನುಬೆನ್ನಿಗೆ ಕೇಳಿ. ಬಾಂದಾದಲ್ಲಿ ಬಾಸ್ ಗಿಟಾರಿನ ಕೆಲಸ ಸೂಸಫೋನಿನದು, ಅಂದರೆ ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯದ್ದು. ಗಾಯಕಿ ಸಾಲು ಮುಗಿಸಿ ಉಸಿರೆಳೆಯುವಷ್ಟರಲ್ಲಿ ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್‌ಗಳು ಆ ಜಾಗ ತುಂಬುತ್ತವೆ. ಫೋನಿನ ಸ್ಪೀಕರ್ ಮಾತ್ರ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಸ್ಪೀಕರಿನಲ್ಲಿ ಕೆಳಸ್ವರ ಮಾಯವಾಗಿ ಬರೀ ತುತ್ತೂರಿ ಕಿರುಚಿದಂತಾಗುತ್ತದೆ, ಹಾಡು ಅರ್ಧಕ್ಕೇ ಸಾಕೆನಿಸುತ್ತದೆ.

ಆಮೇಲೆ 2005ರ ‘ಪರ್ರಾಂದೇರಾ, ರೆಬೆಲ್ದೆ ಇ ಅತ್ರೆವಿದಾ’. ಮರಿಯಾಚಿಗೆ 2009ರ ‘ಲಾ ಗ್ರಾನ್ ಸೆನ್ಯೋರಾ’.

ಹುಟ್ಟಿದ್ದು 1969ರಲ್ಲಿ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಮೆಕ್ಸಿಕನ್ ವಲಸಿಗರ ಮನೆಯಲ್ಲಿ. ತಂದೆ ಪೆದ್ರೊ ರಿವೇರಾ ಅವರದೇ ರೆಕಾರ್ಡಿಂಗ್ ಕಂಪನಿ ಇತ್ತು. ಆದರೂ ಗಂಡಸರೇ ತುಂಬಿದ್ದ ಬಾಂದಾದಲ್ಲಿ ಹೆಂಗಸೊಬ್ಬಳು ಕುಡಿತ, ಮೋಸ, ಮುರಿದ ಮದುವೆಗಳನ್ನು ತನ್ನ ಬಾಯಿಂದಲೇ ಹಾಡಿ ಗೆದ್ದದ್ದು ದೊಡ್ಡ ಸಾಧನೆಯೇ. 2011ರಲ್ಲಿ ಲಾಸ್ ಏಂಜಲೀಸಿನ ಸ್ಟೇಪಲ್ಸ್ ಸೆಂಟರ್ ಎಂಬ ದೊಡ್ಡ ಕ್ರೀಡಾಂಗಣ ಅವರಿಗಾಗಿ ಭರ್ತಿಯಾಯಿತು.

2012ರ ಡಿಸೆಂಬರ್ 9ರಂದು, ಮೆಕ್ಸಿಕೋದ ಮೊಂತೆರ್ರೇ ನಗರದಲ್ಲಿ ಕಾರ್ಯಕ್ರಮ ಮುಗಿಸಿ ಹೊರಟಿದ್ದಾಗ ವಿಮಾನ ಬಿದ್ದು ತೀರಿಕೊಂಡರು. ‘ಎನ್ ವಿವೊ ದೆಸ್ದೆ ಮೊಂತೆರ್ರೇ’ (ಮೊಂತೆರ್ರೇಯಿಂದ ಲೈವ್) ಎಂದಿರುವ ಆಲ್ಬಂಗಳು ಆ ಕೊನೆಯ ಕಾರ್ಯಕ್ರಮದವು. ಸ್ಟುಡಿಯೋ ಹಾಡುಗಳ ಪರಿಚಯವಾದ ಮೇಲೆ ಅವನ್ನು ಕೇಳಿ.